ಮನೆಮಗ್ಗ: ಚೌಕಟ್ಟು ಗಟ್ಟಿಯಿರಲಿ, ಹಾಸು ಸಮನಾಗಿರಲಿ

ಮನೆಯಲ್ಲಿ ಮಗ್ಗ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ನೂಲನ್ನು ಅಡ್ಡ ಹಾಯಿಸುವ ಲಾಳಿಯನ್ನು ಇಲ್ಲವೇ ನೂಲಿನ ಬಣ್ಣವನ್ನು. ಚೌಕಟ್ಟಿನ ಮರದ ಬಗ್ಗೆ ಕೇಳುವವರು ವಿರಳ. ಮಗ್ಗದ ಯೋಗ್ಯತೆ ನಿರ್ಧಾರವಾಗುವುದು ಮಾತ್ರ ಅಲ್ಲಿಯೇ. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ನೂಲಿನ, ಒಂದೊಂದು ಎಳೆಯನ್ನು ಕೇವಲ 150 ಗ್ರಾಂ ತೂಕದಷ್ಟು ಬಲದಿಂದ ಬಿಗಿದರೂ, 200 ಎಳೆ ಸುತ್ತಿ ಮುಗಿಯುವ ಹೊತ್ತಿಗೆ ಅಡ್ಡಪಟ್ಟಿಯ ಮೇಲೆ 30 ಕಿಲೋ ಭಾರದ ಜಗ್ಗಾಟ ಬಿದ್ದಿರುತ್ತದೆ. ಪಟ್ಟಿ ತುಸು ಒಳಬಾಗಿದರೂ ಸಾಕು, ಅಂಚಿನ ಎಳೆಗಳು ಬಿಗಿಯಾಗಿಯೇ ಉಳಿದು ನಡುವಿನವು ಜೋಲುತ್ತವೆ.

ಆದ್ದರಿಂದ 2 ಸೆಂ.ಮೀ. ದಪ್ಪ, 4 ಸೆಂ.ಮೀ. ಅಗಲದ ಚೆನ್ನಾಗಿ ಒಣಗಿದ ಪಟ್ಟಿಯನ್ನು ಬಳಸುವುದಾದರೆ, ಅದರ 4 ಸೆಂ.ಮೀ. ಬದಿ ಎಳೆಗಳು ಜಗ್ಗುವ ದಿಕ್ಕಿನಲ್ಲಿಯೇ ಇರಬೇಕು. ಹಾಗಿಟ್ಟ ಪಟ್ಟಿ, ಅಡ್ಡ ತಿರುಗಿಸಿಟ್ಟ ಅದೇ ಪಟ್ಟಿಗಿಂತ ನಾಲ್ಕು ಪಟ್ಟು ಹೆಚ್ಚಾಗಿ ಬಾಗುವಿಕೆಯನ್ನು ತಡೆಯುತ್ತದೆ. ಒಳ ಅಳತೆ 60 ಮತ್ತು 80 ಸೆಂ.ಮೀ. ಇಟ್ಟುಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಸರಿಯಾಗಿ 100 ಸೆಂ.ಮೀ. ಬಂದರೆ ಚೌಕಟ್ಟು ನೇರವಾಗಿದೆಯೆಂದು ಅರ್ಥ. ಅಂಟು ಒಣಗುವ ಮೊದಲೇ ಇದನ್ನು ಅಳೆಯಬೇಕು, ಆಮೇಲೆ ಅಳೆದು ಪ್ರಯೋಜನವಿಲ್ಲ.

50 ಸೆಂ.ಮೀ. ಅಗಲದ ನೇಯ್ಗೆಗೆ ಮೇಲೂ ಕೆಳಗೂ ನೂರು ನೂರು ಮೊಳೆ ಬೇಕಾಗುತ್ತವೆ. ಅವನ್ನು ಒಂದೇ ಗೆರೆಯಲ್ಲಿ ಹೊಡೆದರೆ ಮರ ನಾರಿನುದ್ದಕ್ಕೂ ಸೀಳುತ್ತದೆ. ಎರಡು ಸಾಲು ಮಾಡಿ, ಪ್ರತಿ ಸಾಲಿನಲ್ಲಿ 1 ಸೆಂ.ಮೀ. ಅಂತರವಿಟ್ಟು, ಒಂದರ ನಡುವೆ ಇನ್ನೊಂದು ಬರುವಂತೆ ಹೊಡೆಯುವುದು ಲೇಸು.

ಹಾಸಿನ ಎಳೆಗಳಿಗೆ ಹುರಿಗೊಳಿಸಿದ ಹತ್ತಿ ನೂಲೇ ಸರಿ. ಹಿಗ್ಗುವ ಉಣ್ಣೆಯನ್ನು ಹೊಕ್ಕಿಗೆ, ಅಂದರೆ ಅಡ್ಡ ಹಾಯಿಸುವ ನೂಲಿಗೆ, ಇರಿಸಿಕೊಳ್ಳಿ. ಸುತ್ತಿದ ಮೇಲೆ ಅಂಗೈಯನ್ನು ಎಳೆಗಳ ಮೇಲೆ ಈ ತುದಿಯಿಂದ ಆ ತುದಿಗೆ ಸವರಿದರೆ ಸಡಿಲವಾದ ಎಳೆ ತಾನಾಗಿ ಸಿಕ್ಕಿಬೀಳುತ್ತದೆ.

ಹಾಸಿನ ಬಾಯಿ, ಅಂದರೆ ಲಾಳಿ ಹಾಯಲು ಎಳೆಗಳ ನಡುವಿನ ಸಂದು, ತೆರೆಯಲು ಒಂದು ಚಪ್ಪಟೆ ಕೋಲು ಮತ್ತು ಒಂದು ದುಂಡು ಕೋಲು ಸಾಕು. ಚಪ್ಪಟೆ ಕೋಲನ್ನು ಎಳೆ ಬಿಟ್ಟು ಎಳೆಗೆ ಹಾಯಿಸಿ, ಅಂಚಿನ ಮೇಲೆ ನಿಲ್ಲಿಸಿದರೆ ಅರ್ಧದಷ್ಟು ಎಳೆಗಳು ಮೇಲೇಳುತ್ತವೆ. ಉಳಿದರ್ಧವನ್ನು ದಾರದ ಕುಣಿಕೆಗಳ ಮೂಲಕ ದುಂಡು ಕೋಲಿಗೆ ಕಟ್ಟಿ ಎತ್ತಬೇಕು. ನಿಜವಾದ ತಾಳ್ಮೆ ಬೇಕಾಗುವುದು ಈ ಕುಣಿಕೆಗಳಿಗೆ. ಒಂದು ಕುಣಿಕೆ ಉದ್ದವಾದರೂ ಅದರ ಎಳೆ ಪೂರ್ತಿ ಮೇಲೇಳದೆ ಲಾಳಿಯ ದಾರಿಯಲ್ಲೇ ನಿಲ್ಲುತ್ತದೆ, ಹೊಕ್ಕು ಅದರ ಮೇಲೆ ಹಾಯ್ದು ಬಟ್ಟೆಯುದ್ದಕ್ಕೂ ಗೆರೆಯೊಂದು ಮೂಡುತ್ತದೆ. ಕಣ್ಣಳತೆಯನ್ನು ನಂಬದೆ, ತುಂಡು ಹಲಗೆಗೆ 7 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು, ಪ್ರತಿಯೊಂದು ಕುಣಿಕೆಯನ್ನೂ ಅವುಗಳ ಸುತ್ತಲೇ ಗಂಟು ಹಾಕಿ ತೆಗೆಯಬೇಕು.

ಹೊಕ್ಕನ್ನು ನೇರವಾಗಿ ಎಳೆದು ಬಿಗಿಯಬಾರದು. ಓರೆಯಾಗಿ ಬಿಟ್ಟು ಬಳಿಕ ಹಣಿಗೆಯಿಂದ ಒತ್ತಿದರೆ ಅಂಚು ಒಳಸೇರದು.

ಇಂಥ ಮಗ್ಗದಲ್ಲಿ ಹಾಸನ್ನು ಸಡಿಲಿಸುವ ಉರುಳೆ ಇರುವುದಿಲ್ಲ. ಹೊಕ್ಕಿನ ಮೇಲೆ ಕೆಳಗೆ ಬಳಸುತ್ತ ಹಾಸಿನ ಉದ್ದ ಖರ್ಚಾಗುವುದರಿಂದ, ನೇಯ್ದಷ್ಟೂ ಬಿಗಿ ಏರುತ್ತದೆ. ಹಾಸು ಸುತ್ತುವ ಮುನ್ನವೇ ಮೇಲಿನ ಪಟ್ಟಿಯ ಮೇಲೆ, ಎಳೆಗಳ ಅಡಿಗೆ ಬರುವಂತೆ, 1 ಸೆಂ.ಮೀ. ದಪ್ಪದ ಕೋಲೊಂದನ್ನು ಇಟ್ಟು, ಬಿಗಿ ಅತಿಯಾದಾಗ ಅದನ್ನು ಜಾರಿಸಿ ತೆಗೆಯುವುದು ನಾನು ಅನುಸರಿಸುವ ಕ್ರಮ. ಆಗಲೂ ಕೊನೆಯ ಗೇಣಿನಷ್ಟು ಜಾಗದಲ್ಲಿ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಅಲ್ಲಿ ಸೂಜಿಯಿಂದ ನೇಯಬೇಕು, ಇಲ್ಲವೇ ಎಳೆಗಳನ್ನು ಕುಚ್ಚು ಕಟ್ಟಲು ಬಿಡಬೇಕು.