ಓದುಗರ ಪ್ರಶ್ನೆ: ಅಂಪೈರೇ ತಪ್ಪೊಪ್ಪಿಕೊಂಡರೂ ದಾಖಲೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಗಾಲ್ಫ್‌ನಲ್ಲಿ ನಿನ್ನೆಯ ತಪ್ಪಿಗೆ ಇವತ್ತು ದಂಡ ಹಾಕುತ್ತಾರೆ. ಬೇಸ್‌ಬಾಲ್‌ನಲ್ಲಿ ಅಂಪೈರ್ ‘ತಪ್ಪು ನನ್ನದೇ’ ಅಂದರೂ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಪರ್ಫೆಕ್ಟ್ ಗೇಮ್ ಕೊಡಲಿಲ್ಲ. ಇದೆಂಥ ನ್ಯಾಯ?

ಉತ್ತರ: ನೀವು ಕೇಳುತ್ತಿರುವುದು ಪಿಚರ್ ಅರ್ಮಾಂಡೊ ಗಲರಾಗಾ ವಿಷಯ ಇರಬೇಕು. 2010ರ ಜೂನ್ 2, ಡೆಟ್ರಾಯಿಟ್. ಎದುರಾಳಿಗಳಲ್ಲಿ ಒಬ್ಬನೂ ಬೇಸ್ ತಲುಪದಂತೆ 27 ಔಟ್ ಪಡೆದರೆ ಅದು ಪರ್ಫೆಕ್ಟ್ ಗೇಮ್. ಗಲರಾಗಾಗೆ 26 ಆಗಿತ್ತು. ಮುಂದಿನ ಬ್ಯಾಟರ್ ಜೇಸನ್ ಡೊನಾಲ್ಡ್ ನೆಲಕ್ಕೆ ಹೊಡೆದ ಚೆಂಡನ್ನು ಗಲರಾಗಾ ತಂಡದ ಮಿಗೆಲ್ ಕಬ್ರೇರಾ ಹಿಡಿದು ಎಸೆದರು. ಗಲರಾಗಾ ತಾವೇ ಓಡಿ ಬಂದು ಅದನ್ನು ಹಿಡಿದು ಮೊದಲ ಬೇಸ್ ಮುಟ್ಟಿದರು. ಡೊನಾಲ್ಡ್ ಇನ್ನೂ ಬಂದಿರಲಿಲ್ಲ, ಅಂದರೆ ಔಟ್. ಆದರೆ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ‘ಸೇಫ್’ (ಔಟ್ ಅಲ್ಲ) ಅಂದುಬಿಟ್ಟರು.

ಗಲರಾಗಾ ಕೂಗಾಡಲಿಲ್ಲ, ಸುಮ್ಮನೆ ನಕ್ಕರು. ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿದರು. ಪರ್ಫೆಕ್ಟ್‌ಗೆ ಬೇಕಾದದ್ದಕ್ಕಿಂತ ಒಂದು ಔಟ್ ಜಾಸ್ತಿಯೇ ಆಯಿತು! ರಿಪ್ಲೇ ನೋಡಿದ ಜಾಯ್ಸ್ ತಪ್ಪೊಪ್ಪಿಕೊಂಡರು. ಮರುದಿನ ಗಲರಾಗಾ ತಂಡದ ಪಟ್ಟಿ ತಂದು ಕೊಟ್ಟಾಗ ಜಾಯ್ಸ್ ಕಣ್ಣು ತುಂಬಿತ್ತು. ಕಮಿಷನರ್ ಬಡ್ ಸೆಲಿಗ್ ಮಾತ್ರ ತೀರ್ಪು ಬದಲಿಸಲಿಲ್ಲ. ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಡೊನಾಲ್ಡ್ ಹೆಸರಿನಲ್ಲಿ ಒಂದು ಹಿಟ್ (ಬ್ಯಾಟರ್ ಬೇಸ್ ತಲುಪಿದ ಹೊಡೆತ) ಇದೆ.

ಕಾರಣ ಇಷ್ಟೇ: ಬೇಸ್‌ಬಾಲ್‌ನಲ್ಲಿ ಅಂಪೈರ್ ಕಂಡಂತೆ ಹೇಳಿದ್ದೇ ನಡೆದದ್ದು. ಮುಂದಿನ ಆಟವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ. ಇಂಥ ತೀರ್ಪನ್ನು ವಿಡಿಯೊದಲ್ಲಿ ಪರಿಶೀಲಿಸುವ ವ್ಯವಸ್ಥೆ ಬಂದದ್ದು 2014ರಲ್ಲಿ. ಆದರೂ ಆ ದಿನ ತಿದ್ದಿದ್ದರೆ ಅಳಿಸಿಹೋಗುತ್ತಿದ್ದದ್ದು ಒಬ್ಬ ಬ್ಯಾಟರ್‌ನ ಸರದಿ ಮಾತ್ರ, ಫಲಿತಾಂಶವಲ್ಲ. ನನ್ನನ್ನು ಕೇಳಿದರೆ, ತಿದ್ದಬೇಕಿತ್ತು.

ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಗಾಲ್ಫ್‌ನ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ಹೊಡೆತದ ಹಿಂದೆ ಅಂಪೈರ್ ನಿಂತಿರುವುದಿಲ್ಲ. ಜೊತೆ ಆಟಗಾರ ಕಾರ್ಡ್ ಬರೆಯುತ್ತಾನೆ, ನೀವು ನೋಡಿ ಸಹಿ ಹಾಕುತ್ತೀರಿ. ಅಂದರೆ ದಾಖಲೆ ನಿಮ್ಮದೇ ಹೇಳಿಕೆ. 1968ರ ಮಾಸ್ಟರ್ಸ್ ಗಾಲ್ಫ್ ಟೂರ್ನಿಯ ಕೊನೆಯ ದಿನ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್ ಅನ್ನು 3 ಹೊಡೆತದಲ್ಲಿ ಮುಗಿಸಿದ್ದನ್ನು ಲಕ್ಷಾಂತರ ಜನ ಟಿವಿಯಲ್ಲಿ ನೋಡಿದ್ದರು. ಜೊತೆ ಆಟಗಾರ ಟಾಮಿ ಆರನ್ ಕಾರ್ಡ್‌ನಲ್ಲಿ 4 ಅಂತ ಬರೆದಿದ್ದರು. ಅಂದು ಡಿ ವಿಸೆಂಜೊ ಹುಟ್ಟುಹಬ್ಬ ಬೇರೆ. ಸರಿಯಾಗಿ ನೋಡದೆ ಸಹಿ ಹಾಕಿದರು. ಕಡಿಮೆ ಬರೆದು ಸಹಿ ಹಾಕಿದರೆ ಅನರ್ಹತೆ, ಹೆಚ್ಚು ಬರೆದು ಹಾಕಿದರೆ ಅದೇ ಅಂಕ ಖಾಯಂ. ಸಮನಾಗಿದ್ದ ಬಾಬ್ ಗೋಲ್ಬಿ ಜೊತೆ ಮರುದಿನ ಪ್ಲೇಆಫ್ (ವಿಜೇತರನ್ನು ನಿರ್ಧರಿಸುವ ಹೆಚ್ಚುವರಿ ಆಟ) ಆಡಬೇಕಿದ್ದವರು ಒಂದೇ ಹೊಡೆತದಿಂದ ಸೋತರು.

ಕಠಿಣ, ಆದರೆ ಅರ್ಥವಾಗುತ್ತದೆ. ಅರ್ಥವಾಗದ್ದು 2017ರ ಲೆಕ್ಸಿ ಥಾಂಪ್ಸನ್ ಪ್ರಕರಣ. ಶನಿವಾರ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡನ್ನು ಎತ್ತಿ ಮತ್ತೆ ಇಡುವಾಗ ಒಂದಿಂಚಿನಷ್ಟು ಆಚೀಚೆ ಆಗಿತ್ತು. ಟಿವಿ ನೋಡುತ್ತಿದ್ದ ಯಾರೋ ಭಾನುವಾರ ಇಮೇಲ್ ಹಾಕಿದರು. ಮುನ್ನಡೆಯಲ್ಲಿದ್ದ ಲೆಕ್ಸಿಗೆ ಚೆಂಡಿನ ತಪ್ಪಿಗೆ 2, ಗೊತ್ತಿಲ್ಲದೆಯೇ ತಪ್ಪು ಕಾರ್ಡ್‌ಗೆ ಸಹಿ ಹಾಕಿದ್ದಕ್ಕೆ ಇನ್ನೂ 2, ಒಟ್ಟು 4 ಹೊಡೆತ ದಂಡ! ಕೊನೆಗೆ ಪ್ಲೇಆಫ್‌ನಲ್ಲಿ ಸೋತರು. ಮನೆಯಲ್ಲಿ ಸೋಫಾ ಮೇಲೆ ಕೂತ ಅಂಪೈರ್‌ಗಳಿಗೆ 2018ರಿಂದ ಬಾಗಿಲು ಹಾಕಿದ್ದು ಒಳ್ಳೆಯದೇ ಆಯಿತು.

ಹಾಗಂತ ಬೇಸ್‌ಬಾಲ್ ಹಳೆಯ ಪುಟಗಳನ್ನು ಮುಟ್ಟುವುದೇ ಇಲ್ಲ ಅಂದುಕೊಳ್ಳಬೇಡಿ. ಅಂಪೈರ್ ಕಣ್ಣಳತೆಯ ತೀರ್ಪನ್ನು ಮುಟ್ಟುವುದಿಲ್ಲ. ದಾಖಲೆಯ ವ್ಯಾಖ್ಯೆಯನ್ನು ಧಾರಾಳವಾಗಿ ಬದಲಿಸುತ್ತದೆ. 1959ರಲ್ಲಿ ಪಿಚರ್ ಹಾರ್ವಿ ಹ್ಯಾಡಿಕ್ಸ್ ಸತತ 36 ಜನರನ್ನು, ಅಂದರೆ 12 ಇನಿಂಗ್ಸ್ ಪೂರ್ತಿ, ಔಟ್ ಮಾಡಿ 13ನೆಯದರಲ್ಲಿ ಸೋತರು. 1991ರಲ್ಲಿ ಒಂದು ಸಮಿತಿ, ಪಂದ್ಯ ಮುಗಿಯುವವರೆಗೂ ಹಿಟ್ ಕೊಟ್ಟಿರಬಾರದು ಎಂದು ತೀರ್ಮಾನಿಸಿ ಆ ಪಂದ್ಯವನ್ನು ಪರ್ಫೆಕ್ಟ್ ಗೇಮ್‌ಗಳ ಪಟ್ಟಿಯಿಂದ ತೆಗೆಯಿತು. ತಮಾಷೆ ಏನೆಂದರೆ, ಆ ಪಂದ್ಯದ ಅಂಕವೂ ಆಟದ ನಂತರ ಬದಲಾದದ್ದೇ. ಎದುರಾಳಿ ತಂಡದ ಜೋ ಆಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿತ್ತು, ಅಂದರೆ ಹೋಮ್ ರನ್. ಆದರೆ ಮುಂದೆ ಓಡುತ್ತಿದ್ದ ಅವರದೇ ತಂಡದ ಹ್ಯಾಂಕ್ ಆರನ್ ಆಟ ಮುಗಿಯಿತೆಂದು ಓಟ ಬಿಟ್ಟರು, ಆಡ್‌ಕಾಕ್ ಅವರನ್ನು ದಾಟಿ ಓಡಿಬಿಟ್ಟರು. ನಿಯಮದ ಪ್ರಕಾರ ಹೋಮ್ ರನ್ ಡಬಲ್ (ಎರಡು ಬೇಸ್‌ನ ಹಿಟ್) ಆಯಿತು, ಲೀಗ್ ಅಧ್ಯಕ್ಷರು ಅಂಕವನ್ನು 1-0 ಎಂದು ಇತ್ಯರ್ಥ ಮಾಡಿದರು. ಹ್ಯಾಡಿಕ್ಸ್ ಸೋತದ್ದು ಮಾತ್ರ ಹಾಗೇ ಉಳಿಯಿತು.