ಸೋಡಚೀಟಿ ಇದೆ, ಸಾಕ್ಷಿ ಯಾರು?

ಕಾರವಾರದ ಕಡೆ ನಮ್ಮ ವಾಡೆಯ ಒಬ್ಬ ಅಜ್ಜಿಯ ಟ್ರಂಕಿನಲ್ಲಿ ಒಂದು ಛಾಪಾ ಕಾಗದ ಇದೆ. ಮಡಿಕೆ ಮಡಿಕೆಗೂ ಹರಿದಿದೆ. ಅದು ಸೋಡಚೀಟಿ. ಮೊದಲ ಗಂಡ ಐವರು ಪಂಚರ ಮುಂದೆ ಹೆಬ್ಬೆಟ್ಟು ಒತ್ತಿ, ಇನ್ನು ಸಂಬಂಧ ಇಲ್ಲ ಎಂದು ಬರೆಸಿಕೊಟ್ಟ ಕಾಗದ. ಆಮೇಲೆ ಅಜ್ಜಿ ಇನ್ನೊಂದು ಮದುವೆಯಾಗಿ ಮೂವತ್ತು ವರ್ಷ ಸಂಸಾರ ಮಾಡಿದರು. ಆ ಗಂಡ ತೀರಿಕೊಂಡ ಮೇಲೆ ಪಿಂಚಣಿಗೆ ಹೋದರೆ ಕೌಂಟರಿನಲ್ಲಿ ಒಂದೇ ಪ್ರಶ್ನೆ: ‘ಕೋರ್ಟಿನ ಡಿಕ್ರಿ ಎಲ್ಲಿ?’

ಆ ಕಾಗದಕ್ಕೆ ಬೆಲೆಯೇ ಇಲ್ಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗೇನಿಲ್ಲ.

1868ರಲ್ಲಿ, ರಾಮನಾಡಿನ ದತ್ತು ವ್ಯಾಜ್ಯವೊಂದರಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತ್ತು: ರೂಢಿಗೆ ಸ್ಪಷ್ಟ ಪುರಾವೆ ಇದ್ದರೆ ಅದು ಶಾಸ್ತ್ರದ ಬರಹಕ್ಕಿಂತ ಮೇಲು. ನಮ್ಮ ಜಿಲ್ಲೆ 1862ರಲ್ಲೇ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿ ಸರ್ಕಾರ 1947ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ತಂದಿತು. ಹಾಗಾಗಿ ಕಾರವಾರದ ಹೆಂಗಸರಿಗೆ ಕೋರ್ಟಿನ ಬಾಗಿಲು ದೇಶದ ಕಾಯ್ದೆಗಿಂತ ಎಂಟು ವರ್ಷ ಮೊದಲೇ ತೆರೆದಿತ್ತು. ಆದರೆ ವಕೀಲರ ಫೀ ಯಾರು ಕೊಡಬೇಕು? ಪಂಚರ ಮುಂದೆ ವೀಳ್ಯ ಇಟ್ಟರೆ ಸಂಜೆಯೊಳಗೆ ಮುಗಿಯುತ್ತಿತ್ತು.

1955ರ ಹಿಂದೂ ವಿವಾಹ ಕಾಯ್ದೆ ಲೆಕ್ಕ ತಿರುಗಿಸಿತು. ಅಲ್ಲಿಂದ ಕಾಯ್ದೆ ಮೇಲೆ, ರೂಢಿ ಕೆಳಗೆ. ಆದರೂ 29ನೇ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟರು: ರೂಢಿಯ ವಿಚ್ಛೇದನ ನಡೆಯುತ್ತದೆ. ಆದರೆ ‘ನಮ್ಮಲ್ಲಿ ಹಿಂದಿನಿಂದ ಇದೆ’ ಅಂತ ಸುಮ್ನೆ ಹೇಳಿದರೆ ಸಾಲದು. ಆ ರೂಢಿ ನಿಮ್ಮ ಜಾತಿಯಲ್ಲಿ ಬಹುಕಾಲದಿಂದ, ಎಡೆಬಿಡದೆ ನಡೆದು ಬಂದಿದೆ ಎಂದು ಸಾಬೀತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು.

ಘಟ್ಟದ ಮೇಲಿನ ಕಥೆ ಇನ್ನೂ ವಿಚಿತ್ರ. ಯಲ್ಲಾಪುರ, ಹಳಿಯಾಳದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಂಗಡದವರಿಗೆ ಹಿಂದೂ ವಿವಾಹ ಕಾಯ್ದೆಯೂ ಇಲ್ಲ, 1956ರ ಉತ್ತರಾಧಿಕಾರ ಕಾಯ್ದೆಯೂ ಇಲ್ಲ. ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸುವ ತನಕ ರೂಢಿಯೇ ಗತಿ. ಪಕ್ಕದ ಅಡಿಕೆ ತೋಟದ ಮನೆಯ ಮಗಳಿಗೆ 2005ರ ತಿದ್ದುಪಡಿಯಿಂದ ಹುಟ್ಟಿನಿಂದಲೇ ಪಾಲು. ಬೇಲಿಯಾಚೆಯ ಹಿಂದೂ ಸಿದ್ದಿ ಮನೆಯ ಮಗಳು ಹಿರಿಯರ ಬಾಯಿ ನೋಡಬೇಕು. ಮೀಸಲಾತಿಯ ಜೊತೆ ಇದೂ ಬಂತು, ಅಲ್ವಾ? ಹಾಲಕ್ಕಿ ಒಕ್ಕಲಿಗರೂ ವರ್ಷಗಳಿಂದ ಅದೇ ಪಟ್ಟಿಗೆ ಸೇರಿಸಿ ಎಂದು ಕೇಳುತ್ತಿದ್ದಾರೆ. ಹೆಣ್ಣುಮಕ್ಕಳ ಪಾಲಿನ ಈ ಮಾತು ಅಲ್ಲಿ ಎದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ.

2025ರ ಜುಲೈನಲ್ಲಿ ಛತ್ತೀಸಗಢದ ಗೊಂಡ ಪಂಗಡದ ಕುಟುಂಬವೊಂದರ ಆಸ್ತಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಸಾಬೀತಿನ ಭಾರವನ್ನು ಆಚೆ ಹೆಗಲಿಗೆ ದಾಟಿಸಿತು. ಹೆಣ್ಣಿಗೆ ಪಾಲು ಕೊಡುವ ರೂಢಿ ಇದೆ ಎಂದು ಆಕೆ ತೋರಿಸಬೇಕಿಲ್ಲ, ಕೊಡದಿರುವ ರೂಢಿ ಇದ್ದರೆ ಬೇಡ ಅನ್ನುವವರು ತೋರಿಸಲಿ ಎಂದಿತು.

ನಮ್ಮ ಅಜ್ಜಿಯ ಹೆಗಲ ಮೇಲಿನ ಭಾರ ಮಾತ್ರ ಹಾಗೇ ಇದೆ. ಐವರು ಪಂಚರಲ್ಲಿ ಈಗ ಉಳಿದವರು ಒಬ್ಬರು. ಅವರಿಗೆ ಕಿವಿ ಕೇಳಿಸುವುದಿಲ್ಲ.