ಪುನರ್ವಸತಿಯ ಅಂಗಳದಲ್ಲಿ ಸಂಜ್ಞೆ ಭಾಷೆಯ ದುಭಾಷಿ

ಮಾತನಾಡಲಾರದ ಸಾಕ್ಷಿಯು ಬರಹದ ಮೂಲಕವೋ ಸನ್ನೆಗಳ ಮೂಲಕವೋ ತೆರೆದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಬಹುದೆಂದು 1872ರ ಸಾಕ್ಷ್ಯ ಕಾಯ್ದೆಯ 119ನೇ ಕಲಂ ಹೇಳುತ್ತಿತ್ತು. ಆ ಸನ್ನೆಗಳ ಅರ್ಥವನ್ನು ನ್ಯಾಯಾಧೀಶರಿಗೆ ಯಾರು ತಿಳಿಸಬೇಕೆಂಬುದು ಅದರಲ್ಲಿರಲಿಲ್ಲ. 2013ರಲ್ಲಿ ಆದ ತಿದ್ದುಪಡಿಯು, ಇಂಥ ಹೇಳಿಕೆಯನ್ನು ದಾಖಲಿಸುವಾಗ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಅದನ್ನು ವಿಡಿಯೊ ಚಿತ್ರೀಕರಣ ಮಾಡಲೇಬೇಕು ಎಂದು ವಿಧಿಸಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಮಾತನ್ನು ಉಳಿಸಿಕೊಂಡಿದೆ. ನಡುವೆ ಕುಳಿತಿರುವ 'ಅಥವಾ' ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಕಿವುಡ ಮಕ್ಕಳಿಗೆ ಪಾಠ ಹೇಳುವವರೂ, ಎರಡು ಭಾಷೆಗಳ ನಡುವೆ ಅರ್ಥವನ್ನು ದಾಟಿಸುವವರೂ ಒಬ್ಬರಿದ್ದ ಕಡೆ ಇನ್ನೊಬ್ಬರು ಆದೀತು ಎಂಬ ಗ್ರಹಿಕೆ ಅದರಲ್ಲಿದೆ. ಈ ಗ್ರಹಿಕೆ ಬಂದದ್ದು ನಮ್ಮ ಕಾಲೇಜುಗಳು ಯಾವುದಕ್ಕೆ ಮೊದಲು ಪದವಿ ಕೊಟ್ಟವು ಎಂಬುದರಿಂದ.

1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಸನ್ನೆಯನ್ನು ಬಿಟ್ಟು ಬಾಯಿಮಾತಿನಿಂದಲೇ ಕಲಿಸಬೇಕೆಂದು ನಿರ್ಣಯಿಸಿತ್ತು. ಭಾರತದ ಶಾಲೆಗಳೂ ಬಹುಮಟ್ಟಿಗೆ ಆ ದಾರಿಯಲ್ಲೇ ನಡೆದವು. 1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದಾಗ ದೇಶಕ್ಕೆ ಈ ಕ್ಷೇತ್ರದ ಉನ್ನತ ಶಿಕ್ಷಣ ದೊರೆಯಿತು. ಶ್ರವಣ ಪರೀಕ್ಷೆ, ಶ್ರವಣ ಸಾಧನ, ಮಾತಿನ ಚಿಕಿತ್ಸೆ ಇವುಗಳಲ್ಲಿ ಪದವಿ ಪಡೆದವರು ಅಲ್ಲಿಂದ ದೇಶದ ಉದ್ದಗಲಕ್ಕೂ ಹೋದರು. ಆ ಸಂಸ್ಥೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಪದವಿಗಳೆಲ್ಲ ಕಿವಿ ಮತ್ತು ನಾಲಿಗೆಯನ್ನು ಕುರಿತವು. ಶಾಲೆಯ ಅಂಗಳದಲ್ಲಿ, ಹಾಸ್ಟೆಲಿನ ಜಗಲಿಯಲ್ಲಿ ಮಕ್ಕಳು ಪರಸ್ಪರ ಆಡಿಕೊಳ್ಳುತ್ತಿದ್ದ ಕೈಮಾತು ಆಗ ಯಾರ ಅಧ್ಯಯನದ ವಿಷಯವೂ ಆಗಿರಲಿಲ್ಲ.

ಅದು ಭಾಷೆಯೆಂದು ತೋರಿಸುವ ಕೆಲಸ ಮೊದಲಾದದ್ದು 1977ರ ಸುಮಾರಿಗೆ. ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಅಮೆರಿಕದ ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ಮೊದಲಾದವರು ದೆಹಲಿ, ಕಲ್ಕತ್ತಾ, ಬಾಂಬೆ ಮತ್ತು ಬೆಂಗಳೂರಿನ ಕಿವುಡರಿಂದ ಸಂಜ್ಞೆಗಳನ್ನು ಸಂಗ್ರಹಿಸಿ ಹೋಲಿಸಿದರು. ಊರಿಂದ ಊರಿಗೆ ಶಬ್ದಗಳು ಬದಲಾದರೂ ತಳದಲ್ಲಿರುವ ವ್ಯಾಕರಣ ಒಂದೇ ಎಂಬುದು ಕಂಡುಬಂತು. ಆ ವ್ಯಾಕರಣ ಎಂಥದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕನ್ನಡದಲ್ಲಿ ಯಾರು, ಎಲ್ಲಿ, ಯಾವಾಗ, ಎಷ್ಟು ಎಂಬ ಬೇರೆ ಬೇರೆ ಪ್ರಶ್ನೆಪದಗಳಿವೆ. ಭಾರತೀಯ ಸಂಜ್ಞೆ ಭಾಷೆಯಲ್ಲಿ ಮುಖ್ಯವಾಗಿ ಒಂದೇ ಪ್ರಶ್ನೆಸಂಜ್ಞೆ ಇದ್ದು, ಅದು ವಾಕ್ಯದ ಕೊನೆಗೆ ಬರುತ್ತದೆ. ಅದರೊಂದಿಗೆ ಮುಖದ ಸಂಜ್ಞೆ ಸೇರಿದರೆ 'ಯಾರು', ಸ್ಥಳದ ಸಂಜ್ಞೆ ಸೇರಿದರೆ 'ಎಲ್ಲಿ', ಸಮಯದ ಸಂಜ್ಞೆ ಸೇರಿದರೆ 'ಯಾವಾಗ'. 'ಕೊಡು' ಎಂಬ ಕ್ರಿಯಾಪದದಲ್ಲಿ ಕೈ ಚಲಿಸುವ ದಿಕ್ಕೇ ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ಹೇಳಿಬಿಡುತ್ತದೆ. ಹುಬ್ಬು ಏರಿದರೆ ಹೇಳಿಕೆ ಪ್ರಶ್ನೆಯಾಗುತ್ತದೆ. ಸಾಕ್ಷಿಯ ಹುಬ್ಬನ್ನು ಗಮನಿಸದೆ ಕೈಯನ್ನಷ್ಟೇ ನೋಡಿದವರು, ಆತ ಕೇಳಿದ್ದನ್ನು ಒಪ್ಪಿಕೊಂಡದ್ದೆಂದು ದಾಖಲೆಗೆ ಬರೆಸಿಬಿಡಬಹುದು.

ಅಮೆರಿಕದಲ್ಲಿಯೂ ದುಭಾಷಿ ವೃತ್ತಿ ಹುಟ್ಟಿದ್ದು ಪುನರ್ವಸತಿಯ, ಎಂದರೆ ಅಂಗವಿಕಲರನ್ನು ಬದುಕಿಗೂ ದುಡಿಮೆಗೂ ಅಣಿಗೊಳಿಸುವ ವ್ಯವಸ್ಥೆಯ, ಮನೆಯಲ್ಲೇ. ಅಲ್ಲಿಯವರೆಗೆ ಕಿವುಡ ತಂದೆತಾಯಿಯರ ಮಕ್ಕಳು, ಪಾದ್ರಿಗಳು, ಶಾಲೆಯ ಶಿಕ್ಷಕರು ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದರು. 1964ರ ಜೂನ್‌ನಲ್ಲಿ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ಶಿಕ್ಷಕರ ಕಾಲೇಜಿನಲ್ಲಿ ನಡೆದ ಕಾರ್ಯಾಗಾರದಲ್ಲಿ ದುಭಾಷಿಗಳ ರಾಷ್ಟ್ರೀಯ ಸಂಘ ರೂಪುಗೊಂಡಿತು. ಮರುವರ್ಷ ವೃತ್ತಿ ಪುನರ್ವಸತಿ ಕಾಯ್ದೆಗೆ ಆದ ತಿದ್ದುಪಡಿ ದುಭಾಷಿಯ ಸೇವೆಗೆ ಸರ್ಕಾರಿ ಹಣ ತಂದಿತು, 1978ರ ತಿದ್ದುಪಡಿ ದುಭಾಷಿಗಳ ತರಬೇತಿಗೆ ಕಾಲೇಜುಗಳಿಗೆ ಅನುದಾನ ಒದಗಿಸಿತು. ಕೆಲವು ವಾರಗಳ ಶಿಬಿರವಾಗಿದ್ದದ್ದು ಎರಡು ವರ್ಷದ ಕೋರ್ಸಾಯಿತು, ಬಳಿಕ ನಾಲ್ಕು ವರ್ಷದ ಪದವಿಯಾಯಿತು. 2012ರ ಮಧ್ಯದಿಂದ ಆ ಸಂಘದ ಪ್ರಮಾಣಪತ್ರ ಬಯಸುವ ಕೇಳಬಲ್ಲ ಅಭ್ಯರ್ಥಿಗಳಿಗೆ ಪದವಿ ಕಡ್ಡಾಯವಾಯಿತು. ಪುನರ್ವಸತಿಯ ಹಣದಿಂದ ಬೆಳೆದರೂ ಆ ವೃತ್ತಿ ಕ್ರಮೇಣ ಭಾಷಾ ವಿಭಾಗದ ಬಾಗಿಲು ತಟ್ಟಿತು.

ನಮ್ಮಲ್ಲಿ ಹಾಗಾಗಲಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ಮಾತಿನ ಚಿಕಿತ್ಸಕರು, ಕೃತಕ ಕೈಕಾಲು ತಯಾರಕರು ಮುಂತಾಗಿ ವೃತ್ತಿಪರರ ವರ್ಗಗಳನ್ನು ಪಟ್ಟಿ ಮಾಡಿತು. ಸಂಜ್ಞೆ ಭಾಷೆಯ ದುಭಾಷಿ ಆ ಪಟ್ಟಿಯಲ್ಲಿರಲಿಲ್ಲ. ಶ್ರವಣದೋಷವುಳ್ಳವರಿಗಾಗಿ ಇರುವ ಮುಂಬೈಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ಶತಮಾನದ ಆರಂಭದಲ್ಲಿ ಎ, ಬಿ, ಸಿ ಎಂಬ ಹಂತಗಳ ಕಿರು ಕೋರ್ಸುಗಳು ಶುರುವಾದವು, ಆಮೇಲೆ ಡಿಪ್ಲೊಮಾ ಬಂತು. ಪ್ರತ್ಯೇಕ ಸಂಜ್ಞೆ ಭಾಷಾ ಕೇಂದ್ರ ಬೇಕೆಂಬ ಕಿವುಡ ಸಂಘಟನೆಗಳ ಬೇಡಿಕೆಗೆ ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಒಪ್ಪಿಗೆ ದೊರೆತು, 2011ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಡಿ ಕೇಂದ್ರವೇನೋ ತೆರೆಯಿತು. ಎರಡೇ ವರ್ಷಗಳಲ್ಲಿ ಅದು ನಿಂತು, ಅದನ್ನು ಮುಂಬೈಯ ಸಂಸ್ಥೆಯೊಳಗೆ ವಿಲೀನಗೊಳಿಸುವ ಮಾತು ಬಂದಾಗ ಕಿವುಡರು ಬೀದಿಗಿಳಿದರು. ವಿಶ್ವವಿದ್ಯಾಲಯದಲ್ಲಿ ಭಾಷೆಯಾಗಿ ನಿಲ್ಲಬೇಕಾದದ್ದು ಮತ್ತೆ ಶ್ರವಣ ಚಿಕಿತ್ಸೆಯ ಸೂರಿನಡಿ ಸೇರಿಹೋಗುತ್ತದೆ ಎಂಬುದು ಅವರ ಆತಂಕವಾಗಿತ್ತು, ಮತ್ತು ಅದು ನ್ಯಾಯವಾದ ಆತಂಕ. ಕೊನೆಗೆ 2015ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ವತಂತ್ರ ಸಂಸ್ಥೆಯಾಗಿ ನೋಂದಣಿಯಾಯಿತು. 2021ರ ಹೊತ್ತಿಗೆ ಅದರ ನಿಘಂಟು 10,000 ಪದಗಳಿಗೆ ಬೆಳೆದಿದೆ.

ಈ ಕೇಂದ್ರ ಕೊಡುವುದೂ ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ. ಆ ಎರಡು ವರ್ಷಗಳಲ್ಲಿ ವಿದ್ಯಾರ್ಥಿ ಮೊದಲು ಭಾಷೆಯನ್ನೇ ಕಲಿಯಬೇಕು, ಆಮೇಲೆ ಅನುವಾದಿಸುವುದನ್ನು ಕಲಿಯಬೇಕು. ಇಂಗ್ಲಿಷ್ ಕಲಿಯಲು ಹತ್ತು ಹನ್ನೆರಡು ವರ್ಷ ವ್ಯಯಿಸುವ ನಾವು ಇದನ್ನು ಎರಡು ವರ್ಷಕ್ಕೆ ಸಾಧ್ಯವೆಂದು ಭಾವಿಸಿದ್ದೇವೆ. ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಪ್ರಶ್ನೆಗಳು ಕನ್ನಡದಲ್ಲಿ ಬರುತ್ತವೆ. 'ಜಪ್ತಿ', 'ಪಾಟೀಸವಾಲು', 'ಮಹಜರು' ಎಂಬ ಪದಗಳನ್ನು ಕೇಳಿದ ಕ್ಷಣದಲ್ಲೇ ಸಂಜ್ಞೆಗೆ ತರಬಲ್ಲವರು ಬೇಕು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ವಾದ ಮಂಡಿಸಿದ್ದು ಎಲ್ಲರೂ ಹೆಮ್ಮೆಪಟ್ಟ ಸಂಗತಿ. ಅಂಥ ವಾದವನ್ನು ದಾಟಿಸಲು ಭಾಷೆಯ ಜೊತೆಗೆ ಕಾನೂನಿನ ತಿಳಿವಳಿಕೆಯೂ ಬೇಕು, ಅದಕ್ಕೆ ಪದವಿಯ ಮಟ್ಟದ ಓದೇ ಬೇಕು.

ಆ ಪದವಿಯನ್ನು ಕಲಿಸಬೇಕಾದವರು ಮುಖ್ಯವಾಗಿ ಕಿವುಡರೇ, ಏಕೆಂದರೆ ಅದು ಅವರ ಭಾಷೆ. ಕಾಲೇಜಿನಲ್ಲಿ ಕಲಿಸಲು ಅವರ ಬಳಿ ಸ್ನಾತಕೋತ್ತರ ಪದವಿ ಇರಬೇಕೆಂದು ನಿಯಮ ಕೇಳುತ್ತದೆ. ಬಹುಪಾಲು ಕಾಲೇಜುಗಳ ತರಗತಿಯಲ್ಲಿ ದುಭಾಷಿಯಿಲ್ಲದ ಕಾರಣ ಅಲ್ಲಿಯವರೆಗೆ ಓದಿದ ಕಿವುಡರು ವಿರಳ. ಈ ಕಗ್ಗಂಟನ್ನು ಬಿಡಿಸುವ ಪ್ರಯತ್ನವೊಂದು 2009ರಲ್ಲಿ ನಡೆದಿತ್ತು: ಅದೇ ಮುಕ್ತ ವಿಶ್ವವಿದ್ಯಾಲಯವು ಬ್ರಿಟನ್ನಿನ ಸೆಂಟ್ರಲ್ ಲ್ಯಾಂಕಷೈರ್ ವಿಶ್ವವಿದ್ಯಾಲಯದ ಜೊತೆಗೂಡಿ ಕಿವುಡ ವಿದ್ಯಾರ್ಥಿಗಳಿಗಾಗಿ ಅನ್ವಯಿಕ ಸಂಜ್ಞೆ ಭಾಷಾ ಅಧ್ಯಯನದಲ್ಲಿ ಬಿ.ಎ. ಆರಂಭಿಸಿತ್ತು. ಕೆಲವೇ ವರ್ಷಗಳಲ್ಲಿ ಆ ಕೋರ್ಸು ನಿಂತುಹೋಯಿತು.